ಸೋಡಾ ಕೊಟ್ಟವನ ಸುಟ್ಟ ಮನೆ

ಚೆನ್ನೈ ಸೆಕೆಯಲ್ಲಿ ಗೋಲಿ ಸೋಡಾ ಒಡೆದಾಗಲೆಲ್ಲ ನನಗೆ ಜೋಸೆಫ್ ಪ್ರೀಸ್ಟ್ಲಿ ನೆನಪಾಗುತ್ತಾನೆ. 1733ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದ ಆತ ವೃತ್ತಿಯಿಂದ ಪಾದ್ರಿ.

ಲೀಡ್ಸ್‌ನಲ್ಲಿ ಅವನ ಮನೆ ಪಕ್ಕದಲ್ಲೇ ಬಿಯರ್ ತಯಾರಿಸುತ್ತಿದ್ದರು. ಹುದುಗುವ ತೊಟ್ಟಿಯ ಮೇಲೆ ನಿಲ್ಲುವ ಗಾಳಿಯಲ್ಲಿ ಉರಿಯುವ ಕಡ್ಡಿ ಆರಿಹೋಗುತ್ತಿತ್ತು. ಆ ಗಾಳಿಯನ್ನೇ ನೀರಿಗೆ ಬೆರೆಸಿ ಕುಡಿದ, ನಾಲಿಗೆ ಜುಮ್ಮೆಂದಿತು. ಅದೇ ಇಂಗಾಲದ ಡೈಆಕ್ಸೈಡ್.

ಮುಂದೆ ಸೀಮೆಸುಣ್ಣದ ಕಲ್ಲಿನ ಪುಡಿಗೆ ಗಂಧಕಾಮ್ಲ ಹಾಕಿ ಅದೇ ಅನಿಲ ಪಡೆದ. ಆ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಕೋಟ್ಯಂತರ ವರ್ಷಗಳ ಹಿಂದಿನ ಸೂಕ್ಷ್ಮ ಕಡಲಜೀವಿಗಳ ಚಿಪ್ಪು. ಅದರಲ್ಲಿ ಸೆರೆಯಾಗಿದ್ದ ಅನಿಲ ಲೋಟದಲ್ಲಿ ಗುಳ್ಳೆಯಾಯಿತು.

1772ರಲ್ಲಿ ವಿಧಾನವನ್ನು ಅಚ್ಚು ಹಾಕಿಸಿ ಎಲ್ಲರ ಮುಂದಿಟ್ಟ. ನಾವಿಕರ ಸ್ಕರ್ವಿ ರೋಗಕ್ಕೆ ಮದ್ದಾದೀತೆಂಬ ಆಸೆ; ಆಗಲಿಲ್ಲ. ಸೋಡಾದಿಂದ ಹಣ ಮಾಡಿದವರು ಜಿನೀವಾದ ಶ್ವೆಪ್‌ನಂಥ ವ್ಯಾಪಾರಿಗಳು.

ಪ್ರೀಸ್ಟ್ಲಿಯದು ಅಧಿಕೃತ ಚರ್ಚಿಗೆ ಒಗ್ಗದ ನಂಬಿಕೆ. ಫ್ರೆಂಚ್ ಕ್ರಾಂತಿಯನ್ನೂ ಮೆಚ್ಚಿದ್ದ. 1791ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಉದ್ರಿಕ್ತ ಗುಂಪು ಅವನ ಮನೆ, ಪ್ರಯೋಗಶಾಲೆಗಳನ್ನು ಸುಟ್ಟಿತು. 61ರ ವಯಸ್ಸಿನಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ಪೆನ್ಸಿಲ್ವೇನಿಯಾದಲ್ಲಿ ಮತ್ತೆ ಪ್ರಯೋಗಶಾಲೆ ಕಟ್ಟಿಕೊಂಡ; 1804ರಲ್ಲಿ ಅಲ್ಲೇ ತೀರಿಕೊಂಡ.

ಹೊಟ್ಟೆಪಾಡಿಗೆ ಊರು ಬಿಟ್ಟ ನಾವು ಹಬ್ಬಕ್ಕಾದರೂ ರೈಲು ಹತ್ತುತ್ತೇವೆ. ಪ್ರೀಸ್ಟ್ಲಿ ಮತ್ತೆ ತನ್ನ ಊರು ಕಾಣಲಿಲ್ಲ.