ಮಸೂರಕ್ಕೆ ಬಗ್ಗದ ಕಿರಣ: ವಿಲ್‌ಹೆಲ್ಮ್ ರಾಂಟ್‌ಜನ್

ಮಕ್ಕಳೇ, ಆಡುವಾಗ ಬಿದ್ದು ಕೈಗೆ ಪೆಟ್ಟಾದರೆ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾರಲ್ಲವೆ? ಚರ್ಮ ಕೊಯ್ಯದೆಯೇ ಒಳಗಿನ ಮೂಳೆ ಕಾಣುತ್ತದೆ. ಈ ಕಿರಣಗಳನ್ನು ಕಂಡುಹಿಡಿದವರು ಜರ್ಮನಿಯ ವಿಜ್ಞಾನಿ ವಿಲ್‌ಹೆಲ್ಮ್ ಕಾನ್ರಾಡ್ ರಾಂಟ್‌ಜನ್. ಅವರು ಪ್ರಯತ್ನಿಸಿ ಕೈಗೂಡದೆ ಬಿಟ್ಟ ಒಂದು ಕೆಲಸವೂ ಇತ್ತು. ಅದಕ್ಕೆ ದಾರಿ ಸಿಗಲು ದಶಕಗಳೇ ಬೇಕಾದವು.

ರಾಂಟ್‌ಜನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನ್ನೆಪ್ ಎಂಬ ಊರಿನಲ್ಲಿ. ತಂದೆ ಬಟ್ಟೆಯ ವ್ಯಾಪಾರಿ. ತಾಯಿ ಹಾಲೆಂಡಿನವರು. ಮಗು ಮೂರು ವರ್ಷದ್ದಾಗಿದ್ದಾಗ ಕುಟುಂಬ ಹಾಲೆಂಡಿಗೆ ಹೋಗಿ ನೆಲೆಸಿತು. ಮುಂದೆ ಯುಟ್ರೆಕ್ಟ್ ನಗರದ ಶಾಲೆಯಲ್ಲಿ ಓದುವಾಗ ಒಂದು ಘಟನೆ ನಡೆಯಿತು. ಯಾರೋ ಒಬ್ಬ ಹುಡುಗ ಶಿಕ್ಷಕರೊಬ್ಬರ ವ್ಯಂಗ್ಯಚಿತ್ರ ಬರೆದಿದ್ದ. ಬರೆದವನ ಹೆಸರು ಹೇಳಲು ರಾಂಟ್‌ಜನ್ ಒಪ್ಪಲಿಲ್ಲ. ಅದಕ್ಕಾಗಿ ಅವರನ್ನೇ ಶಾಲೆಯಿಂದ ಹೊರಹಾಕಿದರು.

ಹೀಗಾಗಿ ಶಾಲೆಯ ಪ್ರಮಾಣಪತ್ರ ಸಿಗಲಿಲ್ಲ. ಅದಿಲ್ಲದೆ ವಿಶ್ವವಿದ್ಯಾಲಯ ಸೇರುವುದು ಕಷ್ಟವಾಯಿತು. 1865ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದ ಪಾಲಿಟೆಕ್ನಿಕ್ ಸೇರಿ ಯಂತ್ರಶಾಸ್ತ್ರ ಓದಿದರು. 1869ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಆದರೂ ಹಳೆಯ ತೊಡಕು ಬಿಡಲಿಲ್ಲ. ಜರ್ಮನಿಯ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸಹಾಯಕರಾಗಿದ್ದಾಗ, ಶಾಲೆಯ ಪ್ರಮಾಣಪತ್ರವಿಲ್ಲವೆಂದು ಅಧ್ಯಾಪಕರಾಗುವ ಅವಕಾಶವನ್ನು ಅವರಿಗೆ ನಿರಾಕರಿಸಲಾಯಿತು. ಅವರು ಬೇರೆ ಊರುಗಳಿಗೆ ಹೋಗಿ ದುಡಿದರು. 1888ರಲ್ಲಿ ಅದೇ ವುರ್ಟ್ಸ್‌ಬರ್ಗಿಗೆ ಪ್ರಾಧ್ಯಾಪಕರಾಗಿಯೇ ಮರಳಿದರು!

1895ರ ನವೆಂಬರ್ 8ರ ಸಂಜೆ. ಪ್ರಯೋಗಾಲಯದಲ್ಲಿ ಕತ್ತಲೆ. ಗಾಳಿ ತೆಗೆದ ಗಾಜಿನ ನಳಿಕೆಯೊಂದರಲ್ಲಿ ರಾಂಟ್‌ಜನ್ ವಿದ್ಯುತ್ ಹರಿಸುತ್ತಿದ್ದರು. ನಳಿಕೆಗೆ ಕಪ್ಪು ರಟ್ಟು ಹೊದಿಸಿದ್ದರು. ಬೆಳಕು ಹೊರಬರುವಂತಿರಲಿಲ್ಲ. ಆದರೂ ತುಸು ದೂರದಲ್ಲಿದ್ದ, ಬೇರಿಯಂ ಪ್ಲಾಟಿನೋಸಯನೈಡ್ ಬಳಿದ ಪರದೆ ಮಿನುಗಿತು. ಕಣ್ಣಿಗೆ ಕಾಣದ ಯಾವುದೋ ಕಿರಣ ರಟ್ಟನ್ನು ದಾಟಿ ಬರುತ್ತಿತ್ತು. ಅದೇನೆಂದು ತಿಳಿಯದ್ದರಿಂದ ಅದಕ್ಕೆ ಎಕ್ಸ್-ಕಿರಣ ಎಂದು ಹೆಸರಿಟ್ಟರು. ಗಣಿತದಲ್ಲಿ ತಿಳಿಯದ ಸಂಖ್ಯೆಯನ್ನು ಎಕ್ಸ್ ಎನ್ನುತ್ತೇವಲ್ಲ, ಹಾಗೆ.

ಮುಂದಿನ ಏಳು ವಾರ ಅವರು ಪ್ರಯೋಗಾಲಯ ಬಿಟ್ಟು ಹೊರಬಂದದ್ದೇ ಕಡಿಮೆ. ಮರ, ಪುಸ್ತಕ, ಲೋಹ ಎಲ್ಲವನ್ನೂ ಕಿರಣಕ್ಕೆ ಅಡ್ಡ ಹಿಡಿದು ನೋಡಿದರು. ಡಿಸೆಂಬರ್ 22ರಂದು ಪತ್ನಿ ಬರ್ತಾ ಅವರ ಕೈಯನ್ನು ಛಾಯಾಫಲಕದ ಮೇಲೆ ಇರಿಸಿ ಚಿತ್ರ ತೆಗೆದರು. ಬೆರಳಿನ ಮೂಳೆಗಳೂ ಉಂಗುರವೂ ಸ್ಪಷ್ಟವಾಗಿ ಮೂಡಿದವು.

ಬೂದುಗಾಜಿನಿಂದ ಬಿಸಿಲನ್ನು ಕಾಗದದ ಮೇಲೆ ಒಂದೇ ಚುಕ್ಕೆಯಾಗಿ ಕೂಡಿಸುವುದು ನಿಮಗೆ ಗೊತ್ತು. ಮಸೂರ ಬೆಳಕನ್ನು ಬಾಗಿಸುವುದರಿಂದ ಹೀಗಾಗುತ್ತದೆ. ಸೂಕ್ಷ್ಮದರ್ಶಕ ಕೆಲಸ ಮಾಡುವುದೂ ಹೀಗೆಯೇ. ಎಕ್ಸ್-ಕಿರಣವನ್ನೂ ಬಾಗಿಸಬಹುದೇ? ರಾಂಟ್‌ಜನ್ ನೀರು ತುಂಬಿದ ಅಭ್ರಕದ ಪಟ್ಟಕವನ್ನು ಇಟ್ಟು ನೋಡಿದರು. ಗಾಜಿನ ಮಸೂರ, ಗಡಸು ರಬ್ಬರಿನ ಮಸೂರಗಳನ್ನೂ ಇಟ್ಟು ನೋಡಿದರು. ಕಿರಣ ನೇರವಾಗಿಯೇ ಸಾಗಿತು. ಮಸೂರದಿಂದ ಅದನ್ನು ಒಂದೆಡೆ ಕೂಡಿಸಲಾಗಲಿಲ್ಲ ಎಂಬುದನ್ನೂ ಅವರು ಮರೆಮಾಚದೆ ತಮ್ಮ ವರದಿಯಲ್ಲಿ ಬರೆದರು. ಎಕ್ಸ್-ಕಿರಣ ವಸ್ತುಗಳಲ್ಲಿ ಬಾಗುವುದು ತೀರ ಕಡಿಮೆ ಎಂಬುದು ಮುಂದೆ ತಿಳಿಯಿತು.

1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಆ ಹಣವನ್ನು ಅವರು ಕೊಟ್ಟದ್ದು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ, ಹಿಂದೊಮ್ಮೆ ಅವರನ್ನು ಬೇಡವೆಂದಿದ್ದ ಸಂಸ್ಥೆಗೇ. ತಮ್ಮ ಶೋಧಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಆದ್ದರಿಂದ ಯಾವ ವೈದ್ಯರೂ ಹಣ ತೆರದೆ ಈ ಕಿರಣಗಳನ್ನು ಬಳಸುವಂತಾಯಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ರಾಂಟ್‌ಜನ್ ತೀರಿಕೊಂಡರು.

ಉಳಿದ ಕೆಲಸ ಏನಾಯಿತು? 1970ರ ದಶಕದಲ್ಲಿ ಜರ್ಮನಿಯ ಗುಂಟರ್ ಶ್ಮಾಲ್ ಮತ್ತು ಸಂಗಡಿಗರು ಮಸೂರದ ಬದಲು ವಲಯ ಫಲಕವನ್ನು ಬಳಸಿದರು. ಇದು ಒಂದರ ಸುತ್ತ ಒಂದು ಉಂಗುರಗಳಿರುವ ಪುಟ್ಟ ಬಿಲ್ಲೆ. ಒಂದು ಉಂಗುರ ಕಿರಣವನ್ನು ತಡೆದರೆ ಮುಂದಿನದು ಬಿಡುತ್ತದೆ. ಅಂಚಿಗೆ ಹೋದಂತೆ ಉಂಗುರಗಳು ಕಿರಿದಾಗುತ್ತವೆ. ಇಂದಿನ ಫಲಕಗಳಲ್ಲಿ ಅಂಚಿನ ಉಂಗುರದ ಅಗಲ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ! ಇವುಗಳ ಸಂದಿನಿಂದ ಹರಡುವ ಅಲೆಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ.

ಇದಕ್ಕೆ ಬಹಳ ಪ್ರಖರವಾದ ಕಿರಣ ಬೇಕು. ಅದನ್ನು ಒದಗಿಸುವ ಯಂತ್ರವೇ ಸಿಂಕ್ರೊಟ್ರಾನ್. ದೊಡ್ಡ ಬಳೆಯಂತಹ ಕೊಳವೆಯಲ್ಲಿ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಸುತ್ತುತ್ತವೆ. ಕಾಂತಗಳು ಅವುಗಳ ದಾರಿಯನ್ನು ತಿರುಗಿಸುವಾಗ ಎಕ್ಸ್-ಕಿರಣ ಹೊಮ್ಮುತ್ತದೆ. ಸೂಕ್ಷ್ಮದರ್ಶಕಕ್ಕೆ ಬಳಸುವುದು ಮೃದು ಎಕ್ಸ್-ಕಿರಣ. ಆಸ್ಪತ್ರೆಯ ಕಿರಣದಷ್ಟು ಇದಕ್ಕೆ ತೂರುವ ಶಕ್ತಿಯಿಲ್ಲ, ಗಾಳಿಯೇ ಹೀರಿಬಿಡುತ್ತದೆ. ಹಾಗಾಗಿ ಗಾಳಿ ತೆಗೆದ ಕೊಳವೆಯಲ್ಲಿ ಅದನ್ನು ತರುತ್ತಾರೆ. ಬೇಕಾದ ತರಂಗದೂರವನ್ನು ಮಾತ್ರ ಆರಿಸಿ, ತಟ್ಟನೆ ಹೆಪ್ಪುಗಟ್ಟಿಸಿದ ಜೀವಕೋಶದ ಮೂಲಕ ಹಾಯಿಸುತ್ತಾರೆ. ತರಂಗದೂರ 2.3ರಿಂದ 4.4 ನ್ಯಾನೊಮೀಟರ್ ಇದ್ದಾಗ ಇಂಗಾಲ ಕಿರಣವನ್ನು ಚೆನ್ನಾಗಿ ಹೀರುತ್ತದೆ. ನೀರು ಹೆಚ್ಚಾಗಿ ಬಿಟ್ಟುಕೊಡುತ್ತದೆ. ಇದರಿಂದ ಕೋಶವನ್ನು ಹೋಳು ಮಾಡದೆ, ಬಣ್ಣ ಹಾಕದೆ ಅದರೊಳಗಿನ ಭಾಗಗಳನ್ನು ನೋಡಬಹುದು.

ನಮ್ಮ ದೇಶದಲ್ಲಿಯೂ ಸಿಂಕ್ರೊಟ್ರಾನ್ ಇದೆ. ಮಧ್ಯಪ್ರದೇಶದ ಇಂದೋರಿನಲ್ಲಿರುವ ಇಂಡಸ್-2 ಯಂತ್ರದ ಬಳೆಯ ಸುತ್ತಳತೆ ಸುಮಾರು 172 ಮೀಟರ್. ಅದು ಇರುವ ಸಂಸ್ಥೆಗೆ ನಮ್ಮ ಕರ್ನಾಟಕದ ವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿದೆ. ರಾಂಟ್‌ಜನ್ ಹೆಸರೂ ಉಳಿದಿದೆ: 111ನೇ ಮೂಲವಸ್ತುವಿಗೆ 2004ರಲ್ಲಿ ರಾಂಟ್‌ಜೀನಿಯಂ ಎಂದು ಹೆಸರಿಟ್ಟರು. ಮೂಲವಸ್ತುಗಳ ಆವರ್ತ ಕೋಷ್ಟಕ ಸಿಕ್ಕಾಗ ಹುಡುಕಿ ನೋಡಿ.