ಲವಂಗ ಮೂಸಿದರೆ ಮೈ ಬಿಸಿಯಾಗುತ್ತಾ? ಸುಗಂಧದ ಬಗ್ಗೆ ಬರೆದ ದೊರೆ ಸೋಮೇಶ್ವರನ ಕಥೆ

ಬಟ್ಟೆಯಲ್ಲಿ ಕರ್ಪೂರ, ಲವಂಗ, ಅಜವಾನ ಕಟ್ಟಿ ಮೂಸಿದರೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ ಎಂಬ ವಾಟ್ಸಾಪ್ ಸಂದೇಶ ನೆನಪಿದೆಯೇ? 2021ರ ಕೊರೊನಾ ಅಲೆಯಲ್ಲಿ ಅದನ್ನು ನಂಬಿ ಹಂಚಿದವರು ಬಹಳ. ಇದೇ ಮಸಾಲೆ ಪರಿಮಳಗಳ ಬಗ್ಗೆ ಒಂಬತ್ತು ಶತಮಾನಗಳ ಹಿಂದೆಯೇ ಬರೆದಿಟ್ಟ ನಮ್ಮ ನಾಡಿನ ದೊರೆಯೊಬ್ಬನಿದ್ದಾನೆ. ಮೊದಲು ಅವನನ್ನು ನೋಡೋಣ.

ಮೂರನೇ ಸೋಮೇಶ್ವರ, ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಮಗ. ಸುಮಾರು 1126ರಲ್ಲಿ ಪಟ್ಟಕ್ಕೆ ಬಂದು 1138ರವರೆಗೆ ಆಳಿದ. ರಾಜಧಾನಿ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. ನಮ್ಮ ಅಣ್ಣಿಗೇರಿ, ಕುಂದಗೋಳ ಸೀಮೆಯೂ ಅವನ ರಾಜ್ಯದಲ್ಲೇ ಇತ್ತು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಆಗಲೇ ಎದ್ದು ನಿಂತಿತ್ತು. ಅಪ್ಪ ಐವತ್ತು ವರ್ಷ ಆಳಿ ಯುದ್ಧಗಳಿಂದ ಹೆಸರಾದವನು. ಮಗನನ್ನು ಮಾತ್ರ ಇಂದು ನೆನೆಯುವುದು ಪುಸ್ತಕದಿಂದ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ತಲೆಯೆತ್ತುತ್ತಿದ್ದ ಕಾಲದಲ್ಲೂ ಇವನು ಬರೆಯುವುದನ್ನು ಬಿಡಲಿಲ್ಲ. ಸರ್ವಜ್ಞ ಚಕ್ರವರ್ತಿ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ ಎಂದು ನಮಗನಿಸುತ್ತದೆ.

1129ರ ಹೊತ್ತಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ 5 ಭಾಗ, 100 ಅಧ್ಯಾಯಗಳಿವೆ. ಆನೆ, ಅಡುಗೆ, ಸಂಗೀತ, ಚಿತ್ರಕಲೆ ಎಲ್ಲವೂ ಅದರಲ್ಲಿವೆ. (ಅಡುಗೆಯಲ್ಲಿ ಮೆಣಸಿನಕಾಯಿ ಮಾತ್ರ ಇಲ್ಲ, ಅದು ಪೋರ್ಚುಗೀಸರ ಜೊತೆ ಶತಮಾನಗಳ ನಂತರ ಬಂತು.) ಮೂರನೇ ಭಾಗದಲ್ಲಿ ತಾಂಬೂಲ, ಮೈಗೆ ಹಚ್ಚುವ ಗಂಧ ಮತ್ತು ಧೂಪಕ್ಕೆ ಒಂದೊಂದು ಅಧ್ಯಾಯವೇ ಇದೆ. ಋತು ಬದಲಾದಂತೆ ಹಚ್ಚುವ ಗಂಧವೂ ಬದಲಾಗಬೇಕು ಎಂಬುದು ಅವನ ಲೆಕ್ಕ. ಗಮನಿಸಿ, ಇವನ್ನೆಲ್ಲ ಅವನು ಇಟ್ಟಿದ್ದು ಉಪಭೋಗದ ಭಾಗದಲ್ಲಿ, ಅಂದರೆ ಸುಖದ ಪಟ್ಟಿಯಲ್ಲಿ.

ಇಂದಿನ ಸುಗಂಧ ತಯಾರಕರು ಲವಂಗ, ದಾಲ್ಚಿನ್ನಿ, ಕೇಸರಿಯನ್ನು ಬೆಚ್ಚಗಿನ ಮಸಾಲೆ ಗುಂಪಿಗೆ ಸೇರಿಸುತ್ತಾರೆ. ಬೆಚ್ಚಗೆ ಅನ್ನಿಸುವುದು ಭ್ರಮೆಯೇನಲ್ಲ. ಲವಂಗದಲ್ಲಿರುವ ಯೂಜಿನಾಲ್, ನಮ್ಮ ಚರ್ಮ, ನಾಲಿಗೆ, ಮೂಗಿನಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕಗಳನ್ನೇ ತಟ್ಟುತ್ತದೆ. ಮಿದುಳು ಅದನ್ನು ಬಿಸಿ ಎಂದು ಓದಿಕೊಳ್ಳುತ್ತದೆ. ಥರ್ಮಾಮೀಟರ್ ಇಟ್ಟರೆ ಅದು ಕದಲುವುದಿಲ್ಲ. ಕರ್ಪೂರ ಮೂಸಿದಾಗ ಮೂಗು ತೆರೆದಂತಾಗುವುದೂ ಇಂಥದೇ ಅನುಭವ. ರಕ್ತದ ಆಮ್ಲಜನಕ ಇದ್ದಷ್ಟೇ ಇರುತ್ತದೆ.

ಹಾಗಾಗಿ ಉಸಿರಾಟ ಕಷ್ಟವಾದಾಗ ಗಂಟು ಮೂಸುತ್ತ ಕೂತರೆ ಆಸ್ಪತ್ರೆಗೆ ಹೋಗುವ ಹೊತ್ತು ಕಳೆದುಹೋಗುತ್ತದೆ. ಲವಂಗದೆಣ್ಣೆಯನ್ನು ಹಾಗೇ ಚರ್ಮಕ್ಕೆ ಹಚ್ಚಿದರೆ ಉರಿದು ಗಾಯವಾಗಬಹುದು. ಕರ್ಪೂರವನ್ನು ಚಿಕ್ಕ ಮಕ್ಕಳು ನುಂಗಿದರೆ ಫಿಟ್ಸ್ ಬರುವ ಅಪಾಯವಿದೆ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.