ಗೊರಗೊರ ಹುಡುಕಿದ ಜಾನ್ಸ್ಕಿ

ಹಾಸ್ಟೆಲ್ ಕಿಟಕಿಗೆ ಸಣ್ಣ ಲೂಪ್ ಆಂಟೆನಾ ಕಟ್ಟಿ ಶಾರ್ಟ್‌ವೇವ್ ಕೇಳಿದವರಿಗೆ ಗೊತ್ತು, ಮೊದಲು ಕಿವಿಗೆ ಬೀಳೋದು ಚಾರ್ಜರ್, ಎಲ್‌ಇಡಿ ಬಲ್ಬುಗಳ ಗೊರಗೊರ. ಲೂಪನ್ನ ಸ್ವಲ್ಪ ತಿರುಗಿಸಿದ್ರೆ ಅದು ಎಷ್ಟೋ ತಗ್ಗುತ್ತೆ. ಹೀಗೆ ಆಂಟೆನಾ ತಿರುಗಿಸ್ತಾ ತಿರುಗಿಸ್ತಾನೇ ಕಾರ್ಲ್ ಜಾನ್ಸ್ಕಿ ಆಕಾಶಗಂಗೆಯ ಸದ್ದು ಕೇಳಿದ್ದು.

ಹುಟ್ಟಿದ್ದು 1905ರಲ್ಲಿ, ಅಮೆರಿಕದ ಒಕ್ಲಹೋಮಾದಲ್ಲಿ. 1928ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಅಟ್ಲಾಂಟಿಕ್ ದಾಟುವ ರೇಡಿಯೋ ಟೆಲಿಫೋನಿಗೆ ಅಡ್ಡ ಬರುವ ಗದ್ದಲ ಎಲ್ಲಿಂದ ಬರುತ್ತೆ ಅಂತ ಪತ್ತೆ ಮಾಡೋದೇ ಕೆಲಸ. ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಸುಮಾರು 30 ಮೀಟರ್ ಉದ್ದದ ಆಂಟೆನಾ ಕಟ್ಟಿ, ಅಡಿಗೆ ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರ ಹಾಕಿದರು. 20 ನಿಮಿಷಕ್ಕೊಂದು ಸುತ್ತು. ಕೇಳಿದ್ದು 20.5 ಮೆಗಾಹರ್ಟ್ಸ್, ಈಗಿನ ಹ್ಯಾಮ್‌ಗಳ 15 ಮೀಟರ್ ಬ್ಯಾಂಡಿನ ಪಕ್ಕದಲ್ಲೇ.

ಹತ್ತಿರದ ಗುಡುಗು, ದೂರದ ಗುಡುಗು ಎರಡೂ ಸಿಕ್ಕವು. ಮೂರನೆಯದು ಸಣ್ಣಗೆ ‘ಸ್ಸ್’ ಅನ್ನೋ ಸದ್ದು. ಸೂರ್ಯನದಿರಬೇಕು ಅಂದುಕೊಂಡರು. ಆದರೆ ಅದು ದಿನಾ 4 ನಿಮಿಷ ಬೇಗ ಬರುತ್ತಿತ್ತು. ಅಂದ್ರೆ 23 ಗಂಟೆ 56 ನಿಮಿಷ, ನಕ್ಷತ್ರಗಳ ದಿನ! ದಿಕ್ಕು ಧನು ರಾಶಿ, ಆಕಾಶಗಂಗೆಯ ನಡುಭಾಗ. 1933ರಲ್ಲಿ ಪ್ರಕಟಿಸಿದರು.

ರಿಸೀವರ್ ಎಷ್ಟೇ ಒಳ್ಳೆಯದಿರಲಿ, ಈ ಬ್ಯಾಂಡುಗಳಲ್ಲಿ ಆಕಾಶದ ಸದ್ದಿನ ಕೆಳಗಿರೋದನ್ನ ಕೇಳೋದು ಕಷ್ಟ. ಗೇನ್ ಕಡಿಮೆ ಇರೋ ಪುಟ್ಟ ಲೂಪೂ ಕೇಳೋಕೆ ಸಾಕಾಗೋದು ಇದಕ್ಕೇ: ಸಿಗ್ನಲ್ ತಗ್ಗಿದ ಹಾಗೆ ಹೊರಗಿನ ಗದ್ದಲವೂ ತಗ್ಗುತ್ತೆ.

ಮುಂದೆ ದೊಡ್ಡ ಡಿಶ್ ಕಟ್ಟೋ ಆಸೆ ಅವರಿಗಿತ್ತು. ಕಂಪನಿಗೆ ಬೇಕಾದ ಉತ್ತರ ಸಿಕ್ಕಾಗಿತ್ತು. ಬೇರೆ ಕೆಲಸಕ್ಕೆ ಹಾಕಿದರು. (ಪ್ರಾಜೆಕ್ಟ್ ಗೈಡ್‌ಗಳು ಅಲ್ಲೂ ಹಾಗೇ ಅನ್ನಿ.) 1950ರಲ್ಲಿ, 44ನೇ ವಯಸ್ಸಿಗೇ ತೀರಿಕೊಂಡರು. ಆ ಹೊತ್ತಿಗೆ ಗ್ರೋಟ್ ರೀಬರ್ ಅನ್ನೋ ಹ್ಯಾಮ್ ಒಬ್ಬ, ಸ್ವಂತ ದುಡ್ಡಲ್ಲಿ ಮನೆ ಪಕ್ಕದಲ್ಲೇ ಡಿಶ್ ಕಟ್ಟಿ, ಅದೇ ‘ಸ್ಸ್’ ಸದ್ದಿನ ಆಕಾಶ ನಕ್ಷೆ ಬರೆದಾಗಿತ್ತು.